ಚೀಟಿ ಯಾವ ಲಾಟಿನದು: ಬ್ರೌಸರಿನೊಳಗಿನ ಪಟ್ಟಿಯನ್ನು ನವೀಕರಿಸುವ ಬಗ್ಗೆ

ಶಿರಸಿಯಲ್ಲಿ ವೆಬ್ ಕೆಲಸ ಮಾಡುವ ಕಿರಿಯ ಗೆಳೆಯರ ಎದುರು ನಾನು ಆಡಿದ ಮಾತುಗಳ ತಿದ್ದಿದ ರೂಪ ಇದು. ಅಲ್ಲಿ ಗೋಡೆಯ ಮೇಲೆ ತೋರಿಸಿದ್ದ ಕೋಡ್ ಇಲ್ಲಿ ಇಲ್ಲದಿರುವುದರಿಂದ, ಆ ಕೋಡ್ ಮಾಡುತ್ತಿದ್ದ ಕೆಲಸವನ್ನು ಮಾತಿನಲ್ಲಿಯೇ ವಿವರಿಸಿದ್ದೇನೆ.

ಅಡಿಕೆ ಟೆಂಡರಿನ ಅಂಗಳ ನಿಮಗೆಲ್ಲ ಪರಿಚಿತವಾದದ್ದೇ. ಬೆಳೆಗಾರರ ಚೀಲಗಳು ಬಂದು ಇಳಿಯುತ್ತವೆ, ಒಟ್ಟಾಗಿ ಮಾರುವ ಚೀಲಗಳ ಪ್ರತಿ ಗುಂಪಿಗೂ, ಅಂದರೆ ಲಾಟಿಗೂ, ಒಂದು ಚೀಟಿ ಬೀಳುತ್ತದೆ, ವ್ಯಾಪಾರಿಗಳು ಒಂದು ಹಿಡಿ ಅಡಿಕೆ ಎತ್ತಿ, ಒಂದೆರಡನ್ನು ಒಡೆದು ನೋಡಿ ತಮ್ಮ ದರವನ್ನು ಬರೆದು ಕೊಡುತ್ತಾರೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಬಗೆಗಳು ಬೇರೆಬೇರೆ, ದರಗಳೂ ಬೇರೆಬೇರೆ. ಹೊಸ ಲಾಟುಗಳು ಸೇರುತ್ತಿರುತ್ತವೆ, ದರ ಒಪ್ಪಿದವು ಹೊರಟುಹೋಗುತ್ತವೆ, ಬೆಳೆಗಾರ ‘ಇವತ್ತು ಬೇಡ’ ಎಂದರೆ ಕೆಲವು ಹಾಗೆಯೇ ಉಳಿಯುತ್ತವೆ. ಹೀಗೆ ದಿನವಿಡೀ ಅಲುಗಾಡುತ್ತಲೇ ಇರುವ ಒಂದು ಪಟ್ಟಿಯನ್ನು ಬ್ರೌಸರಿನಲ್ಲಿ ತೋರಿಸುವ ಪುಟವೊಂದನ್ನು ಹಿಂದೊಮ್ಮೆ ನಾನು ಬರೆದಿದ್ದೆ. ಯಾರಿಗಾಗಿ ಬರೆದೆ ಎಂಬುದನ್ನು ಹೇಳುವುದಿಲ್ಲ, ಏಕೆಂದರೆ ಆದ ತಪ್ಪುಗಳೆಲ್ಲ ನನ್ನವು.

ಆ ಪುಟ ಹದಿನೈದು ಸೆಕೆಂಡಿಗೊಮ್ಮೆ ಸರ್ವರಿನಿಂದ ಪೂರ್ತಿ ಪಟ್ಟಿಯನ್ನು ತರಿಸಿಕೊಂಡು, ಹಳೆಯದನ್ನು ಎಸೆದು, ಹೊಸದನ್ನು ಬಿಡಿಸುತ್ತಿತ್ತು. ನನ್ನ ಮನೆಯ ಮೇಜಿನ ಮೇಲೆ ಅದು ಚೆನ್ನಾಗಿಯೇ ನಡೆಯುತ್ತಿತ್ತು, ಏಕೆಂದರೆ ನಾನು ನೋಡುತ್ತಿದ್ದೆನೇ ಹೊರತು ಏನನ್ನೂ ಬರೆಯುತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಗುಮಾಸ್ತರೊಬ್ಬರು ವ್ಯಾಪಾರಿಗಳ ಕೈಬರಹದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಓದುತ್ತ ದರವನ್ನು ತುಂಬುತ್ತಿದ್ದರು. ಅವರು ನಾಲ್ಕು ಅಂಕಿ ಬರೆಯುವಷ್ಟರಲ್ಲಿ ಹದಿನೈದನೆಯ ಸೆಕೆಂಡು ಬರುತ್ತಿತ್ತು, ಪೆಟ್ಟಿಗೆ ಖಾಲಿಯಾಗುತ್ತಿತ್ತು, ಕರ್ಸರ್ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತಿತ್ತು. ಮೂರನೆಯ ಸಲವೂ ಹಾಗಾದಾಗ ಅವರು ಕನ್ನಡಕ ತೆಗೆದಿಟ್ಟು, “ಇದು ತನ್ನಷ್ಟಕ್ಕೆ ತಾನೇ ಒರೆಸಿಕೊಳ್ಳುವ ಪಾಟಿ, ಮಾರಾಯ್ರೆ” ಎಂದರು. ಆ ಪುಟದ ಬಗ್ಗೆ ಅದಕ್ಕಿಂತ ನಿಖರವಾದ ದೋಷವರದಿಯನ್ನು ನಾನು ಆಮೇಲೆ ಓದಿಲ್ಲ.

ಪುಟವನ್ನು ಬ್ಯಾಕ್‌ಬೋನ್‌ನಲ್ಲಿ ಬರೆದಿದ್ದೆ. ಜೆರೆಮಿ ಆ್ಯಶ್ಕೆನಾಸ್ ಅವರು 2010ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಹೊರತಂದ ಈ ಜಾವಾಸ್ಕ್ರಿಪ್ಟ್ ಚೌಕಟ್ಟು ಡಾಕ್ಯುಮೆಂಟ್‌ಕ್ಲೌಡ್ ಎಂಬ ಯೋಜನೆಯ ಕೆಲಸದೊಳಗಿಂದ ಹುಟ್ಟಿಕೊಂಡಿತು. ಇವತ್ತು ಹೊಸದಾಗಿ ಕೆಲಸ ಆರಂಭಿಸುವವರು ಅದನ್ನು ಆರಿಸಿಕೊಳ್ಳುವುದು ಅಪರೂಪ. ಆದರೂ ನಾನು ಅದನ್ನೇ ಮುಂದಿಟ್ಟುಕೊಂಡು ಮಾತನಾಡುವುದಕ್ಕೆ ಕಾರಣವಿದೆ: ಅದರ ಮೂಲ ಕೋಡ್ ಟಿಪ್ಪಣಿಗಳೂ ಸೇರಿ ಸುಮಾರು 2,000 ಸಾಲು, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು, ಮತ್ತು ಪಟ್ಟಿಯನ್ನು ನವೀಕರಿಸುವ ಕೆಲಸ ಅಲ್ಲಿ ಯಾವ ಮುಸುಕೂ ಇಲ್ಲದೆ ಕಣ್ಣಿಗೆ ಕಾಣುತ್ತದೆ. ಒಂದು ಲಾಟು ಒಂದು ಮಾಡೆಲ್. ಲಾಟುಗಳ ಪಟ್ಟಿ ಒಂದು ಕಲೆಕ್ಷನ್. ಮಾಡೆಲ್ ತನ್ನೊಳಗೆ ದರ, ತೂಕ, ಬಗೆ ಮೊದಲಾದ ಗುಣಗಳನ್ನು ಇಟ್ಟುಕೊಂಡಿರುತ್ತದೆ, ಅವುಗಳಲ್ಲಿ ಯಾವುದಾದರೂ ಬದಲಾದಾಗ ‘ಚೇಂಜ್’ ಎಂಬ ಈವೆಂಟಿನ ಮೂಲಕ ಕೂಗಿ ಹೇಳುತ್ತದೆ, ಆ ಕೂಗನ್ನು ಕೇಳಿಸಿಕೊಳ್ಳುವ ‘ವ್ಯೂ’ ಎಂಬ ಭಾಗ ಪರದೆಯನ್ನು ತಿದ್ದುತ್ತದೆ.

ಕಲೆಕ್ಷನ್‌ಗೆ ಹೊಸ ದತ್ತಾಂಶವನ್ನು ಕೊಡಲು ಎರಡು ದಾರಿಗಳಿವೆ. ‘ರೀಸೆಟ್’ ಎಂದರೆ ಅಂಗಳವನ್ನು ಪೂರ್ತಿ ಗುಡಿಸಿ, ಬಂದದ್ದನ್ನೆಲ್ಲ ಹೊಸದೆಂದೇ ಭಾವಿಸಿ ಇಳಿಸಿಕೊಳ್ಳುವುದು. ಮೊನ್ನೆಯಿಂದ ಕುಳಿತಿದ್ದ ಲಾಟೇ ಮತ್ತೆ ಬಂದಿದ್ದರೂ ಅದಕ್ಕೊಂದು ಹೊಸ ಮಾಡೆಲ್ ಹುಟ್ಟುತ್ತದೆ. ಒಂದೊಂದರ ಬಗ್ಗೆ ಸುದ್ದಿ ಇಲ್ಲ, ಕೊನೆಯಲ್ಲಿ ‘ರೀಸೆಟ್’ ಎಂಬ ಒಂದೇ ಈವೆಂಟ್. ‘ಸೆಟ್’ ಎಂದರೆ ಬಂದ ಪಟ್ಟಿಯನ್ನು ಕೈಯಲ್ಲಿರುವ ಪಟ್ಟಿಯ ಜೊತೆ ತಾಳೆ ನೋಡುವುದು. ಈ ಎರಡನೆಯದು 2012ರ ಡಿಸೆಂಬರಿನ 0.9.9 ಆವೃತ್ತಿಯಲ್ಲಿ ‘ಅಪ್‌ಡೇಟ್’ ಎಂಬ ಹೆಸರಿನಿಂದ ಬಂದಿತ್ತು. 2013ರ ಮಾರ್ಚಿನ 1.0 ಆವೃತ್ತಿಯಲ್ಲಿ ಅದಕ್ಕೆ ‘ಸೆಟ್’ ಎಂದು ಹೆಸರಾಯಿತು, ಮತ್ತು ಸರ್ವರಿನಿಂದ ತರುವ ‘ಫೆಚ್’ ತಾನಾಗಿ ಅದನ್ನೇ ಬಳಸತೊಡಗಿತು. ಅದಕ್ಕೆ ಮೊದಲು ‘ಫೆಚ್’ ರೀಸೆಟ್ ಮಾಡುತ್ತಿತ್ತು. ಹಳೆಯ ನಡವಳಿಕೆ ಬೇಕಾದವರು ಈಗ ಆಯ್ಕೆಯಲ್ಲಿ ರೀಸೆಟ್ ಎಂದು ಕೇಳಿ ಪಡೆಯಬೇಕು. ಒಂದು ಚೌಕಟ್ಟು ತನ್ನ ಪೂರ್ವನಿಯೋಜಿತ ನಡವಳಿಕೆಯನ್ನೇ ತಿರುಗಿಸಿತೆಂದರೆ, ಪಾಟಿ ಒರೆಸಿಹೋದ ದೂರು ನನ್ನ ಗುಮಾಸ್ತರೊಬ್ಬರದೇ ಆಗಿರಲಿಲ್ಲ ಎಂದು ನಾನು ಊಹಿಸುತ್ತೇನೆ. ನಾನಂತೂ ಹಳೆಯ ಅಭ್ಯಾಸದಿಂದ ರೀಸೆಟ್ ಎಂದು ಬರೆದೇ ಇಟ್ಟಿದ್ದೆ.

ರೀಸೆಟ್ ಕೆಟ್ಟದ್ದೆಂದು ತಿಳಿಯಬೇಡಿ. ಪುಟ ಮೊದಲ ಸಲ ತೆರೆದಾಗ, ಅಥವಾ ನೋಡುವವನು ದಿನಾಂಕವನ್ನು ಬದಲಿಸಿ ನಿನ್ನೆಯ ಪಟ್ಟಿಯನ್ನು ಕೇಳಿದಾಗ ಅದೇ ಸರಿಯಾದ ದಾರಿ; ಆಗ ಉಳಿಸಿಕೊಳ್ಳಬೇಕಾದದ್ದು ಏನೂ ಇರುವುದಿಲ್ಲ.

ಈಗ ‘ಸೆಟ್’ ಒಳಗೆ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಪರದೆಯ ಮೇಲೆ 41, 42, 43 ಎಂಬ ಮೂರು ಲಾಟುಗಳಿವೆ ಎನ್ನಿ. ಸರ್ವರಿನಿಂದ ಬಂದ ಹೊಸ ಪಟ್ಟಿಯಲ್ಲಿ 42, 43, 44 ಇವೆ, ಮತ್ತು 42ರ ದರ ಏರಿದೆ. ಕಲೆಕ್ಷನ್ ಬಂದದ್ದನ್ನು ಒಂದೊಂದಾಗಿ ಎತ್ತಿಕೊಂಡು, ಈ ಗುರುತಿನದು ನನ್ನ ಬಳಿ ಇದೆಯೇ ಎಂದು ಕೇಳುತ್ತದೆ. 42 ಇದೆ, ಆದ್ದರಿಂದ ಹೊಸ ಗುಣಗಳನ್ನು ಹಳೆಯ ಮಾಡೆಲ್‌ಗೇ ತುಂಬುತ್ತದೆ, ದರ ಬದಲಾದ ಕಾರಣ ಆ ಮಾಡೆಲ್ ಅಲ್ಲಿಯೇ, ಆಗಲೇ ‘ಚೇಂಜ್’ ಎಂದು ಕೂಗುತ್ತದೆ. 43 ಇದೆ, ಬದಲಾವಣೆ ಇಲ್ಲ, ಸದ್ದೂ ಇಲ್ಲ. 44 ಇಲ್ಲ, ಅದನ್ನು ಸೇರಿಸಬೇಕಾದವುಗಳ ಸಾಲಿಗೆ ಬದಿಗಿಡುತ್ತದೆ. ಬಂದವೆಲ್ಲ ಮುಗಿದ ಮೇಲೆ, ನನ್ನ ಬಳಿ ಇದ್ದು ಹೊಸ ಪಟ್ಟಿಯಲ್ಲಿ ಕಾಣಿಸದೇ ಹೋದದ್ದು ಯಾವುದು ಎಂದು ನೋಡಿ 41ನ್ನು ತೆಗೆಯುತ್ತದೆ, ‘ರಿಮೂವ್’ ಎನ್ನುತ್ತದೆ. ಅದಾದ ಮೇಲೆ 44ನ್ನು ಒಳಗೆ ಸೇರಿಸಿ ‘ಆ್ಯಡ್’ ಎನ್ನುತ್ತದೆ. ಅನುಕ್ರಮ ಬದಲಾಗಿದ್ದರೆ ‘ಸಾರ್ಟ್’. ಎಲ್ಲಕ್ಕೂ ಕೊನೆಯಲ್ಲಿ, ಈಚಿನ ಆವೃತ್ತಿಗಳಲ್ಲಿ, ಒಂದೇ ಒಂದು ‘ಅಪ್‌ಡೇಟ್’.

ಈ ಅನುಕ್ರಮವನ್ನು ಬಿಡಿಸಿ ಹೇಳಿದ್ದು ಸುಮ್ಮನೆ ಅಲ್ಲ. 42 ‘ಚೇಂಜ್’ ಎಂದು ಕೂಗುವ ಹೊತ್ತಿಗೆ 41 ಇನ್ನೂ ಪಟ್ಟಿಯಲ್ಲಿಯೇ ಇರುತ್ತದೆ, 44 ಇನ್ನೂ ಬಂದಿರುವುದಿಲ್ಲ. ನನ್ನ ಪುಟದ ಕೆಳಗೆ ಒಟ್ಟು ಎಷ್ಟು ಕ್ವಿಂಟಲ್, ಒಟ್ಟು ಮೌಲ್ಯ ಎಷ್ಟು ಎಂಬ ಸಾಲೊಂದಿತ್ತು, ಅದನ್ನು ನಾನು ‘ಚೇಂಜ್’ ಈವೆಂಟಿಗೆ ಕಟ್ಟಿದ್ದೆ. ಹಾಗಾಗಿ ಮಾರಾಟವಾಗಿ ಹೊರಟುಹೋದ ಲಾಟಿನ ತೂಕವೂ ಸೇರಿದ ಒಂದು ಮೊತ್ತ ಅಲ್ಲಿ ಕುಳಿತಿರುತ್ತಿತ್ತು, ಮುಂದಿನ ದರ ಬದಲಾಗುವವರೆಗೆ ಯಾರೂ ಅದನ್ನು ತಿದ್ದುತ್ತಿರಲಿಲ್ಲ. ಪಟ್ಟಿಯ ಒಂದು ಸಾಲಿಗೆ ಸಂಬಂಧಿಸಿದ ಕೆಲಸವನ್ನು ಆ ಮಾಡೆಲಿನ ಈವೆಂಟಿಗೂ, ಇಡೀ ಪಟ್ಟಿಗೆ ಸಂಬಂಧಿಸಿದ ಲೆಕ್ಕವನ್ನು ‘ಅಪ್‌ಡೇಟ್’ ಈವೆಂಟಿಗೂ ಕಟ್ಟಬೇಕು. ಅದರ ಜೊತೆಯಲ್ಲಿ ಸೇರಿದವು, ಹೋದವು, ಬೆರೆತವು ಎಂಬ ಮೂರು ಪಟ್ಟಿಗಳೂ ಬರುತ್ತವೆ. ಆದರೆ ‘ಬೆರೆತವು’ ಎಂಬುದರಲ್ಲಿ ನಿಜವಾಗಿ ಬದಲಾದವು ಮಾತ್ರವಲ್ಲ, ತಾಳೆಗೆ ಸಿಕ್ಕಿದವೆಲ್ಲವೂ ಇರುತ್ತವೆ. ಏನೂ ಬದಲಾಗದ ಹದಿನೈದು ಸೆಕೆಂಡಿನ ಕೊನೆಯಲ್ಲಿಯೂ ‘ಅಪ್‌ಡೇಟ್’ ಬಂದೇ ಬರುತ್ತದೆ.

ರೀಸೆಟ್ ತೆಗೆದು ಸೆಟ್ ಹಾಕಿದ ಕೂಡಲೇ ಪಾಟಿ ಒರೆಸುವುದು ನಿಂತಿತೇ? ನಿಲ್ಲಲಿಲ್ಲ. ಸಾಲಿನ ವ್ಯೂ ತನ್ನ ಮಾಡೆಲಿನಲ್ಲಿ ಯಾವ ಗುಣ ಬದಲಾದರೂ ಇಡೀ ಸಾಲನ್ನು ಹೊಸದಾಗಿ ಬಿಡಿಸುತ್ತಿತ್ತು, ಸಾಲಿನೊಳಗೆ ಬರೆಯುವ ಪೆಟ್ಟಿಗೆಯೂ ಇತ್ತು. ಮೊದಲು ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಖಾಲಿಯಾಗುತ್ತಿದ್ದವು, ಈಗ ಆ ಲಾಟಿಗೆ ಯಾವುದಾದರೂ ಸುದ್ದಿ ಬಂದಾಗ ಮಾತ್ರ ಆ ಒಂದು ಪೆಟ್ಟಿಗೆ ಖಾಲಿಯಾಗುತ್ತಿತ್ತು. ಅಪರೂಪವಾದದ್ದರಿಂದ ಹಿಡಿಯುವುದು ಇನ್ನೂ ಕಷ್ಟವಾಯಿತು. ಕೊನೆಗೆ ‘ಚೇಂಜ್: ದರ’, ‘ಚೇಂಜ್: ತೂಕ’ ಎಂದು ಗುಣಕ್ಕೊಂದರಂತೆ ಬೇರೆಬೇರೆಯಾಗಿ ಕೇಳಿಸಿಕೊಂಡು, ಆಯಾ ಕೋಶವನ್ನಷ್ಟೇ ತಿದ್ದುವಂತೆ ಮಾಡಿದೆ. ಗುಮಾಸ್ತರು ಅರ್ಧ ಬರೆದ ಅಂಕಿಯನ್ನು ‘ಕರಡು ದರ’ ಎಂಬ ಇನ್ನೊಂದು ಗುಣವಾಗಿ ಮಾಡೆಲಿನಲ್ಲಿಯೇ ಇಟ್ಟೆ.

ಆ ಕರಡು ಉಳಿಯುವುದಕ್ಕೆ ಕಾರಣ ‘ಸೆಟ್’ನ ಒಂದು ಸ್ವಭಾವ: ಬಂದ ದತ್ತಾಂಶದಲ್ಲಿ ಇರುವ ಗುಣಗಳನ್ನು ಅದು ಬರೆಯುತ್ತದೆ, ಇಲ್ಲದ ಗುಣಗಳನ್ನು ಮುಟ್ಟುವುದಿಲ್ಲ. ಸರ್ವರಿಗೆ ಕರಡು ದರದ ವಿಚಾರವೇ ಗೊತ್ತಿಲ್ಲ, ಆದ್ದರಿಂದ ಅದು ಸುರಕ್ಷಿತ. ಆದರೆ ಇದೇ ಸ್ವಭಾವ ಇನ್ನೊಂದು ಕಡೆ ಕಚ್ಚಿತು. ತಗಾದೆ ಇರುವ ಲಾಟುಗಳಿಗೆ ಸರ್ವರ್ ‘ತಡೆ’ ಎಂಬ ಗುಣವನ್ನು ಕಳಿಸುತ್ತಿತ್ತು. ತಡೆ ತೆರವಾದ ಮೇಲೆ ‘ತಡೆ ಇಲ್ಲ’ ಎಂದು ಹೇಳುತ್ತಿರಲಿಲ್ಲ, ಆ ಗುಣವನ್ನೇ ಬಿಟ್ಟು ಕಳಿಸುತ್ತಿತ್ತು. ಬ್ರೌಸರಿನಲ್ಲಿದ್ದ ಮಾಡೆಲಿಗೆ ಹಳೆಯ ‘ತಡೆ’ ಅಂಟಿಕೊಂಡೇ ಉಳಿಯಿತು. ತೆರವಾದ ಲಾಟು ಒಂದು ಇಡೀ ಬೆಳಗಿನ ಹೊತ್ತು ಕೆಂಪು ಬಣ್ಣದಲ್ಲಿಯೇ ಕುಳಿತಿತ್ತು, ಅದರ ಯಜಮಾನರು ಊಟಕ್ಕೂ ಹೋಗದೆ ಕಾದಿದ್ದರು. ರೀಸೆಟ್‌ನ ಕಾಲದಲ್ಲಿ ಈ ದೋಷ ಕಾಣಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಗಮನಿಸಿ. ಸರ್ವರ್ ಪ್ರತಿ ಸಲವೂ ಎಲ್ಲ ಗುಣಗಳನ್ನೂ, ಇಲ್ಲದಿದ್ದರೆ ಇಲ್ಲವೆಂದೇ ನಮೂದಿಸಿ, ಕಳಿಸುವಂತೆ ಮಾಡಿದ ಮೇಲೆ ಅದು ಸರಿಹೋಯಿತು.

ಇಷ್ಟೂ ಹೊತ್ತು ‘ಈ ಗುರುತಿನದು ನನ್ನ ಬಳಿ ಇದೆಯೇ’ ಎಂಬ ಪ್ರಶ್ನೆಯನ್ನು ಸಲೀಸಾಗಿ ಹೇಳಿಕೊಂಡು ಬಂದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅದೇ. ಎರಡು ದಾಖಲೆಗಳು ಒಂದೇ ವಸ್ತುವಿನವು ಎಂದು ಹೇಳುವವರು ಯಾರು? ಬ್ಯಾಕ್‌ಬೋನ್ ಬೇರೇನನ್ನೂ ಊಹಿಸದೆ ಐಡಿ ಎಂಬ ಒಂದು ಗುಣವನ್ನು ಮಾತ್ರ ನೋಡುತ್ತದೆ. ಆ ಗುಣದ ಹೆಸರು ಬೇರೆಯಾಗಿದ್ದರೆ ‘ಐಡಿ ಆಟ್ರಿಬ್ಯೂಟ್’ ಎಂಬಲ್ಲಿ ಹೇಳಬಹುದು. ನಾನು ಲಾಟ್ ಸಂಖ್ಯೆಯನ್ನೇ ಅಲ್ಲಿ ಕೊಟ್ಟಿದ್ದೆ. ಲಾಟ್ ಸಂಖ್ಯೆ ಪ್ರತಿದಿನ ಒಂದರಿಂದ ಆರಂಭವಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹೊಳೆಯಲಿಲ್ಲ. ಒಂದು ಸಂಜೆ ಯಾರೋ ಕಂಪ್ಯೂಟರನ್ನು ಆರಿಸದೆ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಹೊಸ ಪಟ್ಟಿ ಬಂದಾಗ, ಇವತ್ತಿನ 12ನೆಯ ಲಾಟು ನಿನ್ನೆಯ 12ನೆಯ ಲಾಟಿನ ಮಾಡೆಲಿಗೆ ಬೆರೆತು, ನಿನ್ನೆ ಯಾರೋ ಬರೆದು ಬಿಟ್ಟಿದ್ದ ಕರಡು ದರ ಇವತ್ತಿನ ಬೇರೊಬ್ಬರ ಚಾಲಿಯ ಎದುರು ಕುಳಿತಿತ್ತು. ಚೌಕಟ್ಟು ನಾನು ಹೇಳಿದಂತೆಯೇ ನಡೆದುಕೊಂಡಿತ್ತು.

ಬೆಳೆಗಾರರ ಹೆಸರನ್ನು ಗುರುತಾಗಿ ಬಳಸಬಹುದಲ್ಲ ಎಂದು ಆಗ ಒಬ್ಬರು ಸಲಹೆ ಕೊಟ್ಟರು. ಒಂದೇ ಹೆಸರಿನ ಮೂವರು ಹೆಗಡೆಯವರು ಒಂದೇ ಬಸ್ಸಿನಿಂದ ಇಳಿಯುವ ಊರಿನಲ್ಲಿ ಈ ಸಲಹೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೀವೇ ಹೇಳಿ. ಗುರುತು ಸರ್ವರಿನಲ್ಲಿ ಹುಟ್ಟಿದ, ಅರ್ಥವಿಲ್ಲದ, ಒಮ್ಮೆ ಕೊಟ್ಟ ಮೇಲೆ ಇನ್ನಾವುದಕ್ಕೂ ಕೊಡದ ಸಂಖ್ಯೆಯಾಗಿರಬೇಕು. ಲಾಟ್ ಸಂಖ್ಯೆ ಮನುಷ್ಯರು ಓದುವ ಗುಣವಾಗಿ ಪಕ್ಕದಲ್ಲಿರಲಿ. ಇನ್ನೊಂದು ಸಣ್ಣ ಸಂಗತಿ: ಜಾವಾಸ್ಕ್ರಿಪ್ಟಿನ ಆಬ್ಜೆಕ್ಟ್‌ಗಳಲ್ಲಿ ಕೀಲಿಗಳು ಅಕ್ಷರಸಾಲುಗಳೇ ಆಗಿರುವುದರಿಂದ, ಹುಡುಕುವಾಗ 12 ಎಂಬ ಸಂಖ್ಯೆಯೂ ‘12’ ಎಂಬ ಬರಹವೂ ಒಂದೇ ಆಗುತ್ತವೆ, ಆದರೆ ‘012’ ಬೇರೆಯೇ ಆಗುತ್ತದೆ. ಒಂದು ಕಡೆ ಸೊನ್ನೆ ಹಾಕಿ, ಇನ್ನೊಂದು ಕಡೆ ಬಿಟ್ಟರೆ ಒಂದೇ ಲಾಟು ಎರಡು ಸಾಲುಗಳಾಗಿ ನಿಲ್ಲುತ್ತದೆ.

ಇನ್ನೂ ಐಡಿ ಸಿಗದ ಲಾಟುಗಳ ಪಾಡು ಬೇರೆ. ಗುಮಾಸ್ತರು ಹೊಸ ಲಾಟನ್ನು ನಮೂದಿಸಿ ಉಳಿಸುವ ಗುಂಡಿ ಒತ್ತಿದಾಗ, ‘ಕ್ರಿಯೇಟ್’ ಎಂಬ ಮೆಥಡ್ ಸರ್ವರಿನ ಉತ್ತರಕ್ಕೆ ಕಾಯದೆ ಮಾಡೆಲನ್ನು ಕಲೆಕ್ಷನ್‌ಗೆ ಸೇರಿಸಿಬಿಡುತ್ತದೆ. ಆ ಕ್ಷಣದಲ್ಲಿ ಅದಕ್ಕೆ ಇರುವುದು ಬ್ರೌಸರ್ ಒಳಗಿನ ತಾತ್ಕಾಲಿಕ ಗುರುತು ಮಾತ್ರ. ಮಳೆಗಾಲದಲ್ಲಿ ನಮ್ಮ ಕಡೆಯ ನೆಟ್‌ವರ್ಕ್ ಹೇಗಿರುತ್ತದೆಂದು ನಿಮಗೆ ಗೊತ್ತು. ಆ ಉತ್ತರ ಬರುವುದರೊಳಗೆ ಹದಿನೈದು ಸೆಕೆಂಡಿನ ಫೆಚ್ ಬಂದಿತೆಂದರೆ, ಬಂದ ಪಟ್ಟಿಯಲ್ಲಿ ಈ ತಾತ್ಕಾಲಿಕ ಗುರುತು ಇರಲು ಸಾಧ್ಯವಿಲ್ಲವಾದ್ದರಿಂದ, ಸೆಟ್ ಅದನ್ನು ‘ಹೋದದ್ದು’ ಎಂದು ತೀರ್ಮಾನಿಸಿ ತೆಗೆದುಹಾಕುತ್ತದೆ. ಗುಮಾಸ್ತರ ಕಣ್ಣೆದುರೇ ಹೊಸ ಸಾಲು ಮಾಯವಾಗುತ್ತದೆ, ಅವರು ಮತ್ತೊಮ್ಮೆ ನಮೂದಿಸುತ್ತಾರೆ, ಸರ್ವರಿನಲ್ಲಿ ಎರಡು ಲಾಟುಗಳಾಗುತ್ತವೆ. ‘ವೇಟ್’ ಎಂಬ ಆಯ್ಕೆ ಕೊಟ್ಟು ಉತ್ತರ ಬರುವವರೆಗೂ ಸೇರಿಸದಿರುವುದು ಒಂದು ದಾರಿ. ಬರೆಯುವ ಕೆಲಸ ಬಾಕಿ ಇರುವಾಗ ಫೆಚ್ ತಡೆಯುವುದು ಇನ್ನೊಂದು. ಬ್ರೌಸರಿನಲ್ಲಿಯೇ ಎಂದೂ ಪುನರಾವರ್ತನೆಯಾಗದಂಥ ಐಡಿಯನ್ನು ಸೃಷ್ಟಿಸಿ ಕಳಿಸುವುದು ನನಗೆ ಹೆಚ್ಚು ಇಷ್ಟ, ಆದರೆ ಅದರಲ್ಲೊಂದು ಗಂಟಿದೆ: ಐಡಿ ಇದೆಯೆಂದರೆ ಬ್ಯಾಕ್‌ಬೋನ್ ಅದನ್ನು ಹಳೆಯ ಮಾಡೆಲ್ ಎಂದೇ ಬಗೆದು ಹೊಸದನ್ನು ಸೃಷ್ಟಿಸುವ ‘ಪೋಸ್ಟ್’ ಕೋರಿಕೆಯ ಬದಲು, ಇರುವುದನ್ನು ತಿದ್ದುವ ‘ಪುಟ್’ ಕೋರಿಕೆಯನ್ನು ಸರ್ವರಿಗೆ ಕಳಿಸುತ್ತದೆ. ಪುಟ್ ಬಂದಾಗಲೂ ಹೊಸ ದಾಖಲೆಯನ್ನು ಮಾಡಿಕೊಳ್ಳುವಷ್ಟು ಉದಾರವಾಗಿ ಸರ್ವರನ್ನು ಬರೆದಿರಬೇಕು.

ಪಟ್ಟಿಯ ಒಂದು ತುಂಡು ಮಾತ್ರ ಬಂದಾಗಲೂ ಇದೇ ತೆಗೆಯುವ ಸ್ವಭಾವದ ಮೇಲೆ ಕಣ್ಣಿಡಬೇಕು. ಕೆಂಪುಗೋಟನ್ನು ಮಾತ್ರ ಕೇಳಿ ತರಿಸಿಕೊಂಡು ಸೆಟ್ ಮಾಡಿದರೆ ಉಳಿದ ಬಗೆಗಳೆಲ್ಲ ಅಂಗಳದಿಂದ ಹೊರಬೀಳುತ್ತವೆ. ‘ರಿಮೂವ್’ ಆಯ್ಕೆಯಲ್ಲಿ ಬೇಡವೆಂದು ಹೇಳಿದರೆ ಹೊರಬೀಳುವುದಿಲ್ಲ, ಆದರೆ ಆಗ ನಿಜವಾಗಿ ಮಾರಾಟವಾದದ್ದನ್ನು ತೆಗೆಯಲು ಸರ್ವರ್ ಬೇರೆಯಾಗಿ ‘ಇವು ಹೋದವು’ ಎಂದು ಹೇಳಬೇಕಾಗುತ್ತದೆ. ‘ಆ್ಯಡ್’ ಮೆಥಡ್ ಕರೆದರೆ, ಈಗಾಗಲೇ ಇರುವ ಐಡಿ ಬಂದಾಗ ಅದು ಸುಮ್ಮನೆ ಬಿಟ್ಟುಬಿಡುತ್ತದೆ, ‘ಮರ್ಜ್’ ಎಂದು ಹೇಳಿದರೆ ಮಾತ್ರ ಬೆರೆಸುತ್ತದೆ; ದರ ಬದಲಾಗಲಿಲ್ಲವೆಂದು ಅರ್ಧ ದಿನ ಹುಡುಕಿದವರಲ್ಲಿ ನಾನೂ ಒಬ್ಬ.

ಎರಡು ಚಿಕ್ಕ ಎಚ್ಚರಿಕೆಗಳನ್ನು ಇಲ್ಲಿಯೇ ಸೇರಿಸುತ್ತೇನೆ. ಕಲೆಕ್ಷನ್ ಮೇಲೆ ಸಾಲಾಗಿ ಸಾಗುತ್ತ ಒಂದೊಂದನ್ನೇ ಅಳಿಸಬೇಡಿ. ಅಳಿಸಿದಂತೆಲ್ಲ ಪಟ್ಟಿ ಹಿಂದಕ್ಕೆ ಸರಿದು ಒಂದು ಬಿಟ್ಟು ಒಂದು ಉಳಿದುಕೊಳ್ಳುತ್ತದೆ, ಮೊದಲು ಅದರ ನಕಲನ್ನು ಮಾಡಿಕೊಂಡು ಆ ನಕಲಿನ ಮೇಲೆ ಸಾಗಬೇಕು. ಎರಡನೆಯದು, ಲಾಟಿನೊಳಗೆ ವ್ಯಾಪಾರಿಗಳ ದರಗಳನ್ನು ಒಂದು ಪಟ್ಟಿಯಾಗಿ ಇಟ್ಟಿದ್ದರೆ, ಆ ಪಟ್ಟಿಯನ್ನೇ ಹೊರತೆಗೆದು ಅದಕ್ಕೆ ಇನ್ನೊಂದು ದರ ಸೇರಿಸಿ ವಾಪಸ್ ಕೊಟ್ಟರೆ ‘ಚೇಂಜ್’ ಬರುವುದಿಲ್ಲ. ಹಳೆಯದು ಮತ್ತು ಹೊಸದು ಎಂದು ಹೋಲಿಸಿ ನೋಡಲು ಹೊರಟಾಗ ಎರಡೂ ಕೈಯಲ್ಲಿ ಇರುವುದು ಅದೇ ಪಟ್ಟಿ.

ಮಾತು ಮುಗಿದ ಮೇಲೆ, ದೇವಿಮನೆ ಘಟ್ಟ ಹತ್ತಿ ಕಾರವಾರದಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬರು, “ನಾವೆಲ್ಲ ರಿಯಾಕ್ಟ್ ಬರೆಯುತ್ತೇವೆ, ಅದು ತಾನೇ ತಾಳೆ ನೋಡಿಕೊಳ್ಳುತ್ತದಲ್ಲ, ಇದೆಲ್ಲ ನಮಗೇಕೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. 2013ರ ಮೇ ತಿಂಗಳಲ್ಲಿ ಮುಕ್ತವಾಗಿ ಬಿಡುಗಡೆಯಾದ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಸಲಕರಣೆ ಬಂದ ಮೇಲೆ ಪರದೆಯನ್ನು ಕೋಶಕೋಶವಾಗಿ ತಿದ್ದುವ ನನ್ನ ಕಷ್ಟ ನಿಜವಾಗಿಯೂ ಕಡಿಮೆಯಾಯಿತು. ಆದರೆ ಪಟ್ಟಿಯ ಪ್ರತಿ ಸಾಲಿಗೆ ಒಂದು ‘ಕೀ’ ಕೊಡಿ ಎಂದು ಅದೂ ಕೇಳುತ್ತದೆ, ಕೊಡದಿದ್ದರೆ ಬರುವ ಎಚ್ಚರಿಕೆಯ ಸಂದೇಶದಿಂದ ಬೇಸತ್ತವರು ಸಾಲಿನ ಸ್ಥಾನವನ್ನೇ ಕೀ ಎಂದು ಕೊಟ್ಟು ಮುಂದೆ ಹೋಗುತ್ತಾರೆ. ಸ್ಥಾನವನ್ನು ಗುರುತಾಗಿ ಕೊಡುವುದೆಂದರೆ ‘ಬಾಗಿಲಿನಿಂದ ಮೂರನೆಯ ಲಾಟು’ ಎಂದು ಹೇಳಿದ ಹಾಗೆ. ಮೂರನೆಯ ಸಾಲಿನ ಪೆಟ್ಟಿಗೆಯಲ್ಲಿ ನೀವು ಬರೆಯುತ್ತಿರುವಾಗ ಮೊದಲನೆಯ ಲಾಟು ಮಾರಾಟವಾಗಿ ಹೊರಟುಹೋದರೆ, ನಾಲ್ಕನೆಯದು ಮೂರನೆಯ ಜಾಗಕ್ಕೆ ಬರುತ್ತದೆ, ನೀವು ಬರೆದ ಅಂಕಿ ಮಾತ್ರ ಅಲ್ಲಿಯೇ ಉಳಿದು ಇನ್ನೊಬ್ಬರ ಅಡಿಕೆಗೆ ಅಂಟಿಕೊಳ್ಳುತ್ತದೆ. ನನ್ನ 12ನೆಯ ಲಾಟಿನ ಕಥೆಯೇ ಹೊಸ ಅಂಗಿ ತೊಟ್ಟು ಬಂದಂತೆ. ವ್ಯೂ (Vue) ಎಂಬ ಇನ್ನೊಂದು ಚೌಕಟ್ಟಿನ ಎರಡನೆಯ ಆವೃತ್ತಿ, ಪಟ್ಟಿಯ ಒಂದು ಸ್ಥಾನಕ್ಕೆ ನೇರವಾಗಿ ಹೊಸ ಬೆಲೆಯನ್ನು ಬರೆದರೆ ಗಮನಿಸುತ್ತಲೇ ಇರಲಿಲ್ಲ. 2020ರ ಮೂರನೆಯ ಆವೃತ್ತಿ ಪ್ರತಿ ಬರಹವನ್ನೂ ನಡುವೆ ನಿಂತು ಗಮನಿಸುವ ಪ್ರಾಕ್ಸಿಗಳನ್ನು ಬಳಸತೊಡಗಿದ ಮೇಲೆ ಆ ತೊಂದರೆ ಹೋಯಿತು, ಕೀ ಕೊಡುವ ಹೊಣೆ ಹೋಗಲಿಲ್ಲ.

ಆ ವಿದ್ಯಾರ್ಥಿನಿ ಬಿಡಲಿಲ್ಲ. ಸರಿಯಾದ ಐಡಿ ಇದೆ, ಸೆಟ್ ಸರಿಯಾಗಿಯೇ ನಡೆದಿದೆ, ಆದರೆ ಗುಮಾಸ್ತರು ದರ ಬರೆಯುತ್ತಿರುವ ಲಾಟನ್ನೇ ಸರ್ವರ್ ಪಟ್ಟಿಯಿಂದ ತೆಗೆದರೆ ಏನು ಮಾಡುತ್ತೀರಿ ಎಂದು ಕೇಳಿದರು. ಸೆಟ್ ಆ ಮಾಡೆಲನ್ನು ತೆಗೆಯುತ್ತದೆ, ಸಾಲು ಹೋಗುತ್ತದೆ, ಕೆಳಗಿನ ಸಾಲು ಮೇಲೆ ಬಂದು ಕರ್ಸರಿನ ಕೆಳಗೆ ನಿಲ್ಲುತ್ತದೆ. ಕೈ ಓಡುತ್ತಿರುವವರು ಪರದೆಯನ್ನು ನೋಡದೆಯೇ ಎಂಟರ್ ಒತ್ತುತ್ತಾರೆ. ಆ ಪುಟದ ಕೊನೆಯ ರೂಪದಲ್ಲಿ ನಾನು ಹೀಗೆ ಮಾಡಿದ್ದೆ: ‘ರಿಮೂವ್’ ಈವೆಂಟ್ ಬಂದಾಗ ಆ ಸಾಲಿನಲ್ಲಿ ಕರ್ಸರ್ ಇದ್ದರೆ ವ್ಯೂ ತನ್ನನ್ನು ಅಳಿಸಿಕೊಳ್ಳದೆ, ಮಸುಕಾಗಿ ನಿಂತು, ಪೆಟ್ಟಿಗೆಯನ್ನು ಬೀಗ ಹಾಕಿ, ಪಕ್ಕದಲ್ಲಿ ‘ಈ ಲಾಟು ಹೊರಗೆ ಹೋಗಿದೆ’ ಎಂದು ತೋರಿಸುತ್ತಿತ್ತು. ಗುಮಾಸ್ತರು ಅದನ್ನು ಓದಿ, ಕೈಯಲ್ಲಿದ್ದ ಚೀಟಿಯನ್ನು ಮಡಚಿ ಬದಿಗಿಟ್ಟು, ಟ್ಯಾಬ್ ಒತ್ತಿ ಮುಂದಿನ ಸಾಲಿಗೆ ಹೋದ ಮೇಲೆ ಆ ಸಾಲು ಅಳಿಯುತ್ತಿತ್ತು.